ಆರ್‌ಎಫ್‌ಐಡಿ ರೀಡರ್ ಚಿಪ್ ಡಿಸೈನ್ ಮಾಡ್ತೀರಾ? ಸೋರಿಕೆಯಿಂದ ಶುರು ಮಾಡಿ

ಬೆಂಗಳೂರು–ಮೈಸೂರು ಹೈವೇಯಲ್ಲಿ ಬಿಡದಿ ಹತ್ತಿರದ ಟೋಲ್‌ಗೆ ಬರುತ್ತೀರಿ. ಕಾರು ನಿಧಾನ ಮಾಡುತ್ತೀರಿ, ಗೇಟು ಏಳುತ್ತದೆ, ಮುಂದೆ ಹೋಗುತ್ತೀರಿ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಒಂದು ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೋ ಅಲೆಯಲ್ಲಿ ತನ್ನ ಗುರುತು ಹೇಳುವ ಚೀಟಿ. ಅದರಲ್ಲಿ ಬ್ಯಾಟರಿ ಇಲ್ಲ, ಟ್ರಾನ್ಸ್‌ಮಿಟರೂ ಇಲ್ಲ. ಮೇಲೆ ಕಟ್ಟಿರುವ ರೀಡರ್ ಕಳಿಸುವ ಅಲೆಯಿಂದಲೇ ಅದು ಕರೆಂಟ್ ಎತ್ತಿಕೊಳ್ಳುತ್ತದೆ, ಅದೇ ಅಲೆಯನ್ನು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ವಾಪಸ್ ಎಸೆದು ತನ್ನ ನಂಬರ್ ಹೇಳುತ್ತದೆ. ಅಂದರೆ ಟ್ಯಾಗ್ ಮಾತಾಡುವಷ್ಟು ಹೊತ್ತೂ ರೀಡರ್ ತನ್ನ ಟ್ರಾನ್ಸ್‌ಮಿಟರ್ ಆರಿಸುವ ಹಾಗಿಲ್ಲ. ಆರಿಸಿದರೆ ಟ್ಯಾಗೇ ಸತ್ತುಹೋಗುತ್ತದೆ. ಹೀಗೆ ಆರದೆ ಉರಿಯುವ ಟ್ರಾನ್ಸ್‌ಮಿಟರ್‌ನ ಅಲೆ ರೀಡರ್‌ನ ಸ್ವಂತ ರಿಸೀವರ್‌ಗೂ ನುಸುಳುತ್ತದೆ. ಸೋರಿಕೆ ಅಂದರೆ ಇದೇ.

ಜಾತ್ರೆಯಲ್ಲಿ ನೀವೇ ತಮಟೆ ಬಡಿಯುತ್ತಾ ಮೈದಾನದ ಆ ತುದಿಯಲ್ಲಿ ನಿಂತವರ ಪಿಸುಮಾತು ಕೇಳಿಸಿಕೊಳ್ಳಬೇಕು, ಹಾಗೆ ಇದು. ಮೊಬೈಲ್ ಅಥವಾ ವೈಫೈ ಚಿಪ್ ಮಾಡಿ ಬಂದವರು ಇಲ್ಲಿ ಎಡವುವುದು ಈ ಒಂದೇ ಕಾರಣಕ್ಕೆ. ಅವರು ನಾಯ್ಸ್ ಫಿಗರ್‌ನಿಂದ (ರಿಸೀವರ್ ತಾನೇ ಎಷ್ಟು ಗದ್ದಲ ಸೇರಿಸುತ್ತದೆ ಅನ್ನುವ ಅಳತೆ) ಶುರು ಮಾಡುತ್ತಾರೆ, ಒಳ್ಳೆಯ ಎಲ್‌ಎನ್‌ಎ (ಗದ್ದಲ ಕಡಿಮೆ ಇರುವ ಆಂಪ್ಲಿಫೈಯರ್) ಬರೆಯುತ್ತಾರೆ, ಆಮೇಲೆ ಸೋರಿಕೆಗೆ ಏನಾದರೂ ಮಾಡೋಣ ಅನ್ನುತ್ತಾರೆ. ಆಮೇಲೆ ಅನ್ನುವುದು ಇಲ್ಲಿ ನಡೆಯಲ್ಲ. ಚಿಪ್‌ನ ಪ್ರತಿ ಬ್ಲಾಕನ್ನೂ ಆ ಸೋರಿಕೆಯೇ ತೀರ್ಮಾನ ಮಾಡುತ್ತದೆ. ಹಾಗಾಗಿ ಮೊದಲ ದಿನವೇ ಅದನ್ನು ಹಾಳೆಯ ಮೇಲೆ ಬರೆದುಕೊಳ್ಳಿ.

ನಾನು ಹೇಳುತ್ತಿರುವುದು ಯುಎಚ್‌ಎಫ್ ಜೆನ್2 ರೀಡರ್ ಬಗ್ಗೆ, ಅಂದರೆ ಐಎಸ್‌ಒ 18000-63 ಸ್ಟ್ಯಾಂಡರ್ಡ್‌ನದು. ಫಾಸ್ಟ್ಯಾಗ್, ಗೋದಾಮು, ಬಟ್ಟೆ ಅಂಗಡಿ ಎಲ್ಲ ಕಡೆ ಇರುವುದು ಇದೇ ಜಾತಿ. 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ ಬೇರೆ ಕಥೆ, ಅದು ಇಲ್ಲಿ ಬೇಡ.

ಮೊದಲು ಲೆಕ್ಕ

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್. 2021ಕ್ಕೆ ಮುಂಚೆ 867ರ ತನಕ ಮಾತ್ರ ಇತ್ತು. ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್, ಅಂದರೆ 30 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ; 10 ಡಿಬಿ ಏರಿದರೆ ಶಕ್ತಿ ಹತ್ತು ಪಟ್ಟು). ಅದಕ್ಕೆ 6 ಡಿಬಿ ಗೇನ್ ಇರುವ ಆಂಟೆನಾ ಹಾಕಿದರೆ 36 ಆಯಿತು. ಟ್ಯಾಗ್ 10 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 866 ಮೆಗಾಹರ್ಟ್ಸ್‌ನಲ್ಲಿ ಅಷ್ಟು ದೂರಕ್ಕೆ ಗಾಳಿಯಲ್ಲೇ 51 ಡಿಬಿ ಹೋಗುತ್ತದೆ. ರೀಡರ್ ಆಂಟೆನಾ ವೃತ್ತಾಕಾರದ ಪೋಲರೈಸೇಷನ್ (ಅಲೆ ಆಡುವ ದಿಕ್ಕು), ಟ್ಯಾಗ್ ಸರಳರೇಖೆಯದು, ಅದಕ್ಕೆ ಇನ್ನೊಂದು 3. ಟ್ಯಾಗ್ ಆಂಟೆನಾದಿಂದ 2 ವಾಪಸ್ ಬಂತು. ಕೊನೆಗೆ ಟ್ಯಾಗ್‌ಗೆ ಮುಟ್ಟುವುದು ಸುಮಾರು -16 ಡಿಬಿಎಂ. ಈಗಿನ ಟ್ಯಾಗ್ ಚಿಪ್‌ಗಳು ಎಚ್ಚರವಾಗಲು ಇಷ್ಟು ಸಾಕು.

ಈಗ ವಾಪಸ್ ದಾರಿ. ಟ್ಯಾಗ್ ಎಸೆಯುವಾಗ ಸುಮಾರು 6 ಡಿಬಿ ನಷ್ಟ, ಮತ್ತೆ ಅದೇ 51, ಅದೇ 3, ಎರಡೂ ಆಂಟೆನಾಗಳ ಗೇನ್ ಕೂಡಿಸಿ, ಸ್ವಲ್ಪ ಕೇಬಲ್ ನಷ್ಟ ಕಳೆಯಿರಿ. ರೀಡರ್‌ಗೆ ಬರುವುದು -70 ಡಿಬಿಎಂ ಆಸುಪಾಸು. 50 ಓಮ್‌ನಲ್ಲಿ ಅದು 0.1 ಮಿಲಿವೋಲ್ಟ್ ಪೀಕ್.

ಇನ್ನು ಸೋರಿಕೆ. ಟ್ರಾನ್ಸ್‌ಮಿಟರನ್ನೂ ರಿಸೀವರನ್ನೂ ಒಂದೇ ಆಂಟೆನಾಗೆ ಸೇರಿಸಲು ಸರ್ಕ್ಯುಲೇಟರ್ ಹಾಕುತ್ತೀರಿ. ಅದರ ಐಸೊಲೇಷನ್ (ಟ್ರಾನ್ಸ್‌ಮಿಟರನ್ನು ರಿಸೀವರ್‌ನಿಂದ ಬೇರೆ ಇಡುವ ಶಕ್ತಿ) 20 ಡಿಬಿ ಅಂದರೆ ನೇರವಾಗಿ ನುಸುಳುವುದು +10 ಡಿಬಿಎಂ. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ, ಅದು ತಪ್ಪು. ಆಂಟೆನಾದ ರಿಟರ್ನ್ ಲಾಸ್ (ಕೊಟ್ಟದ್ದಕ್ಕಿಂತ ವಾಪಸ್ ಬರುವುದು ಎಷ್ಟು ಕಡಿಮೆ) 15 ಡಿಬಿ ಇದ್ದರೆ, ಅಲ್ಲಿಂದ ಬಡಿದು ವಾಪಸ್ ಬರುವ +15 ಡಿಬಿಎಂ ಸೀದಾ ರಿಸೀವರ್‌ಗೇ ಹೋಗುತ್ತದೆ, ಯಾಕೆಂದರೆ ಆಂಟೆನಾದಿಂದ ಬಂದಿದ್ದನ್ನು ರಿಸೀವರ್‌ಗೆ ಕೊಡುವುದೇ ಸರ್ಕ್ಯುಲೇಟರ್‌ನ ಕೆಲಸ, ಅಲ್ವಾ? ಎಷ್ಟು ದುಬಾರಿ ಸರ್ಕ್ಯುಲೇಟರ್ ತಂದರೂ ಇದು ಕಡಿಮೆ ಆಗಲ್ಲ. +15 ಅಂದರೆ 1.78 ವೋಲ್ಟ್ ಪೀಕ್, +10 ಅಂದರೆ 1 ವೋಲ್ಟ್. ಎರಡೂ ಒಂದೇ ಫೇಸ್‌ನಲ್ಲಿ ಕೂಡಿದರೆ 2.78 ವೋಲ್ಟ್, ಹತ್ತಿರ ಹತ್ತಿರ +19 ಡಿಬಿಎಂ. ಎದುರುಬದುರಾದರೆ 0.78. ಆಂಟೆನಾ ಮುಂದೆ ಲಾರಿ ಬಂದು ನಿಂತರೆ, ಮಳೆ ಬಿದ್ದರೆ, ಚಾನೆಲ್ ಬದಲಾದರೆ ಈ ಮೊತ್ತ ಬದಲಾಗುತ್ತಲೇ ಇರುತ್ತದೆ.

1.78 ವೋಲ್ಟ್ ಒಂದು ಕಡೆ, 0.1 ಮಿಲಿವೋಲ್ಟ್ ಇನ್ನೊಂದು ಕಡೆ. 85 ಡಿಬಿ ಅಂತರ. ಎರಡೂ ಒಂದೇ ಫ್ರೀಕ್ವೆನ್ಸಿ ಸುತ್ತ ಇವೆ, ನಡುವೆ ಕೆಲವು ನೂರು ಕಿಲೋಹರ್ಟ್ಸ್ ಮಾತ್ರ, ಹಾಗಾಗಿ ಆರ್‌ಎಫ್ ಫಿಲ್ಟರ್ ಹಾಕಿ ಬೇರ್ಪಡಿಸುವ ಆಸೆ ಬಿಡಿ.

ಒಂದೇ ಆಸಿಲೇಟರ್, ಎರಡು ಮಿಕ್ಸರ್

ಆರ್ಕಿಟೆಕ್ಚರ್ ಬಗ್ಗೆ ತುಂಬಾ ಯೋಚಿಸಬೇಕಿಲ್ಲ. ಡೈರೆಕ್ಟ್ ಕನ್ವರ್ಷನ್ ಮಾಡಿ, ಅಂದರೆ ಬಂದ ಸಿಗ್ನಲನ್ನು ಮಿಕ್ಸರ್‌ನಲ್ಲಿ ಆಸಿಲೇಟರ್‌ನ ಅಲೆಯೊಂದಿಗೆ ಗುಣಿಸಿ ಒಂದೇ ಸಲ ಬೇಸ್‌ಬ್ಯಾಂಡ್‌ಗೆ (ಸೊನ್ನೆ ಫ್ರೀಕ್ವೆನ್ಸಿ ಹತ್ತಿರಕ್ಕೆ) ಇಳಿಸಿ, ಟ್ರಾನ್ಸ್‌ಮಿಟರ್‌ಗೂ ರಿಸೀವರ್‌ಗೂ ಒಂದೇ ಆಸಿಲೇಟರ್ ಕೊಡಿ. ಇದು ಜಾಗ ಉಳಿಸಲು ಅಲ್ಲ, ಫೇಸ್ ನಾಯ್ಸ್‌ಗಾಗಿ, ಅಂದರೆ ಆಸಿಲೇಟರ್‌ನ ಫೇಸ್‌ನಲ್ಲಿರುವ ಸಣ್ಣ ನಡುಕಕ್ಕಾಗಿ.

ಲೆಕ್ಕ ನೋಡಿ. ನಿಮ್ಮ ಪಿಎಲ್‌ಎಲ್ (ಆಸಿಲೇಟರನ್ನು ಸರಿಯಾದ ಫ್ರೀಕ್ವೆನ್ಸಿಗೆ ಕಟ್ಟಿಹಾಕುವ ಸರ್ಕ್ಯೂಟ್) ಕ್ಯಾರಿಯರ್‌ನಿಂದ, ಅಂದರೆ ಮೂಲ ಅಲೆಯಿಂದ, 250 ಕಿಲೋಹರ್ಟ್ಸ್ ದೂರದಲ್ಲಿ -120 ಡಿಬಿಸಿ (ಕ್ಯಾರಿಯರ್‌ಗೆ ಹೋಲಿಸಿದ ಡಿಬಿ) ಪ್ರತಿ ಹರ್ಟ್ಸ್ ಕೊಡುತ್ತದೆ ಅಂತಿಟ್ಟುಕೊಳ್ಳಿ. +15ರ ಸೋರಿಕೆಯ ಮೇಲೆ ಅದು ಪ್ರತಿ ಹರ್ಟ್ಸ್‌ಗೆ -105 ಡಿಬಿಎಂ. 500 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ಗೆ 57 ಡಿಬಿ ಕೂಡಿಸಿ: -48. ಟ್ಯಾಗ್ -70ರಲ್ಲಿದೆ. ಕಥೆ ಮುಗಿಯಿತು ಅನ್ನಿಸುತ್ತದೆ. ಆದರೆ ಸೋರಿಕೆಯ ನಡುಕವೂ ಮಿಕ್ಸರ್‌ಗೆ ಕೊಡುವ ಎಲ್‌ಒ (ಆಸಿಲೇಟರ್ ಅಲೆ) ನಡುಕವೂ ಒಂದೇ ಮೂಲದ್ದಾದರೆ, ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದುಬಿಡುತ್ತದೆ. ಉಳಿಯುವುದು ಎರಡರ ನಡುವಿನ ತಡದಷ್ಟು ಮಾತ್ರ. ಕೇಬಲ್ ಸುಮಾರು 1 ಮೀಟರ್ ಇದ್ದು, ಹೋಗಿ ಬರಲು 10 ನ್ಯಾನೋಸೆಕೆಂಡ್ ಹಿಡಿದರೆ, 250 ಕಿಲೋಹರ್ಟ್ಸ್‌ನಲ್ಲಿ 36 ಡಿಬಿ ಸುಮ್ನೆ ಸಿಗುತ್ತದೆ. -48 ಹೋಗಿ -84 ಆಯಿತು, ಟ್ಯಾಗ್ 14 ಡಿಬಿ ಮೇಲಿದೆ.

ಈಗ ಅದೇ ರೀಡರನ್ನು ಟೋಲ್ ಕಂಬದ ಬುಡದಲ್ಲಿ ಇಟ್ಟು 6 ಮೀಟರ್ ಕೇಬಲ್ ಎಳೆಯಿರಿ. ತಡ 60 ನ್ಯಾನೋಸೆಕೆಂಡ್. ಸಿಗುವ ಉಪಕಾರ ಬರೀ 20 ಡಿಬಿ. ಟ್ಯಾಗ್ ಸಿಗ್ನಲ್ಲೂ ನಾಯ್ಸೂ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ. ಹಾಗಾಗಿ ಸ್ಪೆಕ್ ಬರೆಯುವಾಗ ಗ್ರಾಹಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ದೂರ ಓದಬೇಕು ಅನ್ನುವುದಲ್ಲ, ಕೇಬಲ್ ಎಷ್ಟು ಉದ್ದ ಅನ್ನುವುದು. ಉದ್ದ ಅಂದರೆ ಪಿಎಲ್‌ಎಲ್ -130ಕ್ಕೆ ಇಳಿಯಬೇಕು.

ಮಿಕ್ಸರ್ ಎರಡು ಯಾಕೆ ಅಂದರೆ, ಟ್ಯಾಗ್‌ನ ಉತ್ತರ ಯಾವ ಫೇಸ್‌ನಲ್ಲಿ ಬರುತ್ತದೋ ನಿಮ್ಮ ಕೈಯಲ್ಲಿಲ್ಲ. ತರಂಗಾಂತರ 34.6 ಸೆಂಟಿಮೀಟರ್. ಒಂದೇ ಮಿಕ್ಸರ್ ಇದ್ದರೆ ಪ್ರತಿ 8.7 ಸೆಂಟಿಮೀಟರ್‌ಗೆ ಒಂದು ಕುರುಡು ಜಾಗ ಬರುತ್ತದೆ. 90 ಡಿಗ್ರಿ ಅಂತರದ ಎಲ್‌ಒ ಕೊಟ್ಟ ಎರಡು ಮಿಕ್ಸರ್‌ಗಳಿಗೆ ಐ, ಕ್ಯೂ ಅನ್ನುತ್ತಾರೆ. ಐ ಕುರುಡಾದ ಕಡೆ ಕ್ಯೂ ಕಣ್ಣು ತೆರೆದಿರುತ್ತದೆ. ಎಸ್‌ಟಿ25ಆರ್‌ಯು3993 ಥರದ ರೀಡರ್ ಚಿಪ್‌ನ ಡೇಟಾಶೀಟ್ ತೆಗೆದು ಬ್ಲಾಕ್ ಚಿತ್ರ ನೋಡಿ, ಇದೇ ಇರುತ್ತದೆ. ಡಿಸೈನ್ ಶುರು ಮಾಡುವ ಮುಂಚೆ ಅಂಥದ್ದನ್ನು ಒಂದು ವಾರ ಕೂತು ಓದುವುದು ಒಳ್ಳೆಯದು.

ಮುಂದೆ ಎಲ್‌ಎನ್‌ಎ ಬೇಡ. 1.2 ವೋಲ್ಟ್ ಸಪ್ಲೈ ಮೇಲೆ ಕೂತ ಆಂಪ್ಲಿಫೈಯರ್‌ಗೆ 1 ವೋಲ್ಟ್ ಸೋರಿಕೆ ಕೊಟ್ಟರೆ ಗೇನ್ ಎಲ್ಲಿಂದ ಬರಬೇಕು? ಪ್ಯಾಸಿವ್ ಮಿಕ್ಸರನ್ನೇ (ತಾನು ಗೇನ್ ಕೊಡದ, ಬರೀ ಸ್ವಿಚ್‌ಗಳ ಮಿಕ್ಸರ್) ಮೊದಲು ಇಡಿ, ಗೇನ್ ಎಲ್ಲ ಬೇಸ್‌ಬ್ಯಾಂಡ್‌ಗೆ ಬಿಡಿ. ನಾಯ್ಸ್ ಫಿಗರ್ 25 ಡಿಬಿ ಆದರೂ ನಾಯ್ಸ್‌ನ ನೆಲ -92 ಡಿಬಿಎಂನಲ್ಲಿರುತ್ತದೆ, ಟ್ಯಾಗ್‌ಗಿಂತ 22 ಕೆಳಗೆ. ಈ ಕೆಲಸದಲ್ಲಿ ಕಷ್ಟಪಟ್ಟು ಒಪ್ಪಿಕೊಳ್ಳಬೇಕಾದ ಮಾತು ಇದು: ನಿಮ್ಮ ರಿಸೀವರ್‌ಗೆ ಸೂಕ್ಷ್ಮ ಕಿವಿಗಿಂತ ಗಟ್ಟಿ ಕಿವಿ ಮುಖ್ಯ. ರಿಸೀವರ್ ದಾರಿಯಲ್ಲಿ ಬೇಕಂತಲೇ 6 ಡಿಬಿ ಅಟೆನ್ಯುಯೇಟರ್ ಹಾಕಿ ಎಲ್ಲವನ್ನೂ ತಗ್ಗಿಸಿದರೂ ನಷ್ಟವಿಲ್ಲ, ಎಷ್ಟೋ ಸಲ ಲಾಭವೇ.

ಕ್ಯಾನ್ಸಲರ್: ಎಲ್ಲಿಂದ ಎತ್ತಿಕೊಳ್ಳುತ್ತೀರಿ ಅನ್ನುವುದೇ ಮುಖ್ಯ

ಟ್ರಾನ್ಸ್‌ಮಿಟರ್‌ನ ಒಂದು ಪ್ರತಿ ತೆಗೆದು, ಅದರ ಎತ್ತರ (ಆಂಪ್ಲಿಟ್ಯೂಡ್) ಮತ್ತು ಫೇಸ್ ತಿದ್ದಿ, ಸೋರಿಕೆಗೆ ಸರಿಯಾಗಿ ಎದುರಾಗಿ ನಿಲ್ಲಿಸಿ ಕಳೆಯುವುದು ಕ್ಯಾನ್ಸಲರ್. 40 ಡಿಬಿ ಇಳಿಯಬೇಕು ಅಂದರೆ ತಪ್ಪು ಶೇ 1ರೊಳಗೆ ಇರಬೇಕು, ಅಂದರೆ ಎತ್ತರದಲ್ಲಿ 0.09 ಡಿಬಿ ಅಥವಾ ಫೇಸ್‌ನಲ್ಲಿ 0.6 ಡಿಗ್ರಿ. ಈ ತಿದ್ದುವ ಕೆಲಸ ಮಾಡುವ ವೆಕ್ಟರ್ ಮಾಡ್ಯುಲೇಟರ್‌ನ ಐ ಮತ್ತು ಕ್ಯೂಗೆ ತಲಾ 7 ಬಿಟ್ ಕೊಟ್ಟರೆ ಅತಿ ಕೆಟ್ಟ ಸ್ಥಿತಿಯಲ್ಲಿ 39 ಡಿಬಿ, 8 ಬಿಟ್ ಕೊಟ್ಟರೆ 45. 8 ಕೊಡಿ, ಬೆಂಚ್ ಮೇಲೆ ಒಂದು ಬಿಟ್ ಹೇಗೂ ಹಾಳಾಗುತ್ತದೆ. ಪ್ರತಿಯೂ ಸೋರಿಕೆಯಷ್ಟೇ ದೊಡ್ಡದಿರಬೇಕು, ಆದ್ದರಿಂದ 10 ಡಿಬಿ ಕಪ್ಲರ್‌ನಲ್ಲಿ (ಹೋಗುವ ಶಕ್ತಿಯ ಹತ್ತನೇ ಒಂದು ಪಾಲನ್ನು ಪಕ್ಕಕ್ಕೆ ತೆಗೆಯುವ ಭಾಗ) ಎತ್ತಿಕೊಳ್ಳಿ. ಟ್ರಾನ್ಸ್‌ಮಿಟರ್‌ಗೆ ಅರ್ಧ ಡಿಬಿ ಖರ್ಚು, +20 ಡಿಬಿಎಂ ಪ್ರತಿ. ಅದು 3 ವೋಲ್ಟ್‌ಗಿಂತ ಜಾಸ್ತಿ ಪೀಕ್, ತೆಳು ಆಕ್ಸೈಡ್‌ನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಮಾಡ್ಯುಲೇಟರನ್ನು ಸ್ವಿಚ್ ಮತ್ತು ಕೆಪಾಸಿಟರ್‌ಗಳಿಂದ ಕಟ್ಟಿ, 3.3 ವೋಲ್ಟ್ ಡಿವೈಸ್‌ಗಳನ್ನೇ ಬಳಸಿ.

ಎತ್ತಿಕೊಳ್ಳುವ ಜಾಗದ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಚಿಪ್‌ನ ಮೊದಲ ಬೋರ್ಡ್‌ನಲ್ಲಿ ಪ್ರತಿಯನ್ನು ಚಿಪ್ ಒಳಗಿನ ಡ್ರೈವರ್‌ನಿಂದಲೇ ತೆಗೆದಿದ್ದೆವು, ಹೊರಗಿನ ಪವರ್ ಆಂಪ್ಲಿಫೈಯರ್‌ಗಿಂತ (ಪಿಎ) ಮುಂಚೆ. ಕಪ್ಲರ್ ಉಳಿಯಿತು, ವೈರಿಂಗ್ ಚಿಕ್ಕದಾಯಿತು. ಕ್ಯಾನ್ಸಲರ್ ಚೆನ್ನಾಗಿ ಕೆಲಸ ಮಾಡಿತು, ಮಿಕ್ಸರ್ ಔಟ್‌ಪುಟ್‌ನ ಡಿಸಿ 35 ಡಿಬಿ ಬಿದ್ದುಹೋಯಿತು. ಆದರೆ ಸೆನ್ಸಿಟಿವಿಟಿ ಒಂದು ಡಿಬಿಯೂ ಅಲುಗಾಡಲಿಲ್ಲ. ಮೂರು ದಿನ ಬೇಸ್‌ಬ್ಯಾಂಡ್ ಫಿಲ್ಟರ್ ಹಿಂದೆ ಬಿದ್ದೆವು. ನಾಲ್ಕನೇ ದಿನ ಯಾರೋ ಸ್ಪೆಕ್ಟ್ರಮ್ ಅನಲೈಸರನ್ನು ಪಿಎ ಔಟ್‌ಪುಟ್‌ಗೆ ಹಿಡಿದು ಸ್ಪ್ಯಾನ್ 1 ಮೆಗಾಹರ್ಟ್ಸ್‌ಗೆ ಇಳಿಸಿದರು. ಕ್ಯಾರಿಯರ್‌ನ ಎರಡೂ ಪಕ್ಕ, ಸರಿಯಾಗಿ 300 ಕಿಲೋಹರ್ಟ್ಸ್ ದೂರದಲ್ಲಿ, 70 ಡಿಬಿ ಕೆಳಗೆ ಎರಡು ಪುಟ್ಟ ಕಡ್ಡಿಗಳು ನಿಂತಿದ್ದವು. ಪಿಎಗೆ ಕರೆಂಟ್ ಕೊಡುವ ಬಕ್ ಕನ್ವರ್ಟರ್ 300 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತಿತ್ತು. ಟ್ಯಾಗ್‌ನ ಸಬ್‌ಕ್ಯಾರಿಯರ್ (ಕ್ಯಾರಿಯರ್‌ನಿಂದ ಎಷ್ಟು ದೂರದಲ್ಲಿ ಟ್ಯಾಗ್ ಉತ್ತರಿಸುತ್ತದೆ ಅನ್ನುವುದು) ನಾವು ಇಟ್ಟಿದ್ದು 320ರಲ್ಲಿ. +15ರ ಕೆಳಗೆ 70 ಅಂದರೆ -55 ಡಿಬಿಎಂ, ಟ್ಯಾಗ್‌ಗಿಂತ 15 ಡಿಬಿ ಜೋರು.

ಇದರಲ್ಲಿ ಕಲಿಯಬೇಕಾದ್ದು ಇಷ್ಟು. ಫೇಸ್‌ನ ನಡುಕವನ್ನು ಒಂದೇ ಆಸಿಲೇಟರ್ ಅನ್ನುವ ಉಪಾಯ ಕಳೆಯುತ್ತದೆ. ಎತ್ತರದ ನಡುಕವನ್ನು ಅದು ಮುಟ್ಟುವುದೇ ಇಲ್ಲ, ಅದನ್ನು ಕಳೆಯಬೇಕಾದ್ದು ಕ್ಯಾನ್ಸಲರ್, ಮತ್ತು ಕ್ಯಾನ್ಸಲರ್ ಕಳೆಯಬೇಕು ಅಂದರೆ ಅದರ ಪ್ರತಿಯಲ್ಲೂ ಅದೇ ನಡುಕ ಇರಬೇಕು. ಪಿಎಗಿಂತ ಮುಂಚೆ ತೆಗೆದ ಪ್ರತಿಗೆ ಪಿಎಯ ಕಾಯಿಲೆ ಗೊತ್ತೇ ಇರಲ್ಲ. ಪಿಎ ದಾಟಿದ ಮೇಲೆ ಕಪ್ಲರ್ ಹಾಕಿದೆವು, ಕಡ್ಡಿಗಳು ಮುಳುಗಿದವು. ಕನ್ವರ್ಟರನ್ನೂ 2 ಮೆಗಾಹರ್ಟ್ಸ್‌ನದಕ್ಕೆ ಬದಲಿಸಿದೆವು.

ಇನ್ನೊಂದು ಮಾತು, ಇದನ್ನು ಬಹಳ ಜನ ನಂಬಲ್ಲ. ಉದ್ದ ಕೇಬಲ್‌ನಿಂದ ಬರುವ ಫೇಸ್ ನಾಯ್ಸ್‌ಗೆ ಕ್ಯಾನ್ಸಲರ್ ಮದ್ದಲ್ಲ. ಸೋರಿಕೆ 60 ನ್ಯಾನೋಸೆಕೆಂಡ್ ಹಳೆಯದು, ಪ್ರತಿ ಈಗಿನದು. ಕ್ಯಾರಿಯರ್ ಕಳೆದುಹೋಗುತ್ತದೆ, ಆದರೆ ಹಳೆಯ ನಡುಕಕ್ಕೂ ಹೊಸ ನಡುಕಕ್ಕೂ ಇರುವ ವ್ಯತ್ಯಾಸ ಹಾಗೇ ಕೂತಿರುತ್ತದೆ. ಅದಕ್ಕೇ ಪಿಎಲ್‌ಎಲ್ ಒಳ್ಳೆಯದಿರಲಿ ಅಂದಿದ್ದು.

ಕ್ಯಾನ್ಸಲರ್ ಕೋಡ್ ಹುಡುಕಲು ಬೇರೆ ಡಿಟೆಕ್ಟರ್ ಬೇಡ. ಐ ಮತ್ತು ಕ್ಯೂ ಮಿಕ್ಸರ್‌ಗಳ ಡಿಸಿಯೇ ಉಳಿದ ಸೋರಿಕೆಯ ಅಳತೆ. ಯಾವ ದಿಕ್ಕಿಗೆ ತಿರುಗಿದೆಯೋ ಗೊತ್ತಿಲ್ಲದ ಕಾರಣ ಮೊದಲು ಐ ಕೋಡನ್ನು ಸ್ವಲ್ಪ ಸರಿಸಿ ಡಿಸಿ ನೋಡಿ, ಆಮೇಲೆ ಕ್ಯೂ ಸರಿಸಿ ನೋಡಿ, ಕೋನ ಸಿಕ್ಕಿತು, ಮೂರನೇ ಹೆಜ್ಜೆಗೆ ನೇರ ಹಾರಿ. ಚಾನೆಲ್ ಬದಲಾದಾಗಲೆಲ್ಲ, ಕಮಾಂಡ್ ಕಳಿಸುವ ಮುಂಚೆ ಇದನ್ನು ಮಾಡಿ. ಟ್ಯಾಗ್ ಉತ್ತರಿಸುವಾಗ ಮಾತ್ರ ಕೋಡ್ ಮುಟ್ಟಬೇಡಿ. ಒಂದೇ ಒಂದು ಸ್ಟೆಪ್ ಕೂಡ ಬೇಸ್‌ಬ್ಯಾಂಡ್‌ನಲ್ಲಿ ಟ್ಯಾಗ್‌ಗಿಂತ ದೊಡ್ಡ ಪೆಟ್ಟಾಗಿ ಕಾಣುತ್ತದೆ.

ಉಳಿದ ಬ್ಲಾಕ್‌ಗಳು

ವಿಸಿಒವನ್ನು (ಪಿಎಲ್‌ಎಲ್ ಒಳಗಿನ ಆಸಿಲೇಟರ್) 4 ಪಟ್ಟು ಫ್ರೀಕ್ವೆನ್ಸಿಯಲ್ಲಿ ಓಡಿಸಿ. 860ರಿಂದ 960 ಮೆಗಾಹರ್ಟ್ಸ್ ಪೂರ್ತಿ ಬೇಕಾದರೆ 3.44ರಿಂದ 3.84 ಗಿಗಾಹರ್ಟ್ಸ್. ಅದೇ ಫ್ರೀಕ್ವೆನ್ಸಿಯಲ್ಲೇ ಇಟ್ಟರೆ ಪಿಎ ಅದನ್ನು ಎಳೆದಾಡುತ್ತದೆ, 2 ಪಟ್ಟಿನಲ್ಲಿಟ್ಟರೆ ಪಿಎಯ ಎರಡನೇ ಹಾರ್ಮೋನಿಕ್ ಎಳೆಯುತ್ತದೆ. 4ರಿಂದ ಭಾಗಿಸಿದರೆ ಐ-ಕ್ಯೂ ತಾನಾಗೇ ಸಿಗುತ್ತದೆ, ಫೇಸ್ ನಾಯ್ಸ್ 12 ಡಿಬಿ ಇಳಿಯುತ್ತದೆ.

ಟ್ರಾನ್ಸ್‌ಮಿಟರ್‌ಗೆ ಪಿಆರ್-ಎಎಸ್‌ಕೆ (ಫೇಸ್ ತಿರುಗಿಸುತ್ತಾ ಎತ್ತರ ಬದಲಿಸುವ ಮಾಡ್ಯುಲೇಷನ್) ಇರಲಿ. ನಮ್ಮಲ್ಲಿ ಕ್ಯಾರಿಯರ್‌ಗೆ ಸಿಗುವುದು 200 ಕಿಲೋಹರ್ಟ್ಸ್, ಬರೀ ಎತ್ತರ ಬದಲಿಸುವ ಡಿಎಸ್‌ಬಿ-ಎಎಸ್‌ಕೆ ಅದರಲ್ಲಿ ಕಷ್ಟಪಟ್ಟು ಕೂರುತ್ತದೆ. ಡೆನ್ಸ್ ರೀಡರ್ ಮಾಸ್ಕ್ (ಬಹಳ ರೀಡರ್‌ಗಳು ಒಟ್ಟಿಗಿರುವ ಕಡೆಗೆ ಹಾಕಿದ ಮಿತಿ) ಪಕ್ಕದ ಚಾನೆಲ್‌ನಲ್ಲಿ 30 ಡಿಬಿ, ಅದರ ಆಚೆ 60 ಡಿಬಿ ಕೆಳಗಿರಬೇಕು ಅನ್ನುತ್ತದೆ, ಆದ್ದರಿಂದ ಟಾರಿ (ರೀಡರ್ ಕಳಿಸುವ ಸೊನ್ನೆ ಬಿಟ್‌ನ ಉದ್ದ) 25 ಮೈಕ್ರೋಸೆಕೆಂಡ್ ಇಟ್ಟು ಡಿಜಿಟಲ್ ಫಿಲ್ಟರ್‌ನಲ್ಲೇ ಅಂಚುಗಳನ್ನು ನಯ ಮಾಡಿ. ಟ್ಯಾಗ್ ಮಾತಾಡುವಾಗ ಡಿಎಸಿಯ (ಡಿಜಿಟಲ್ ಕೋಡನ್ನು ಅನಲಾಗ್ ಮಾಡುವ ಬ್ಲಾಕ್) ಕೋಡ್ ಅಲುಗದೆ ನಿಂತಿರಬೇಕು.

ಬೇಸ್‌ಬ್ಯಾಂಡ್‌ನಲ್ಲಿ ತಲೆನೋವು ಡಿಸಿ. ಕಮಾಂಡ್ ಕಳಿಸುವಾಗ ಕ್ಯಾರಿಯರ್ ಏರಿಳಿಯುತ್ತದೆ, ಸೋರಿಕೆಯೂ ಏರಿಳಿಯುತ್ತದೆ, ಕಪ್ಲಿಂಗ್ ಕೆಪಾಸಿಟರ್‌ಗಳೆಲ್ಲ ತುಂಬಿ ಖಾಲಿಯಾಗಿ ಓಲಾಡುತ್ತಿರುತ್ತವೆ. ಕಮಾಂಡ್ ಮುಗಿದ ಮೇಲೆ ಟ್ಯಾಗ್ ಉತ್ತರಿಸುವ ಮುಂಚೆ ಸ್ಟ್ಯಾಂಡರ್ಡ್ ಹೇಳುವ ಟಿ1 ಅಷ್ಟು ಹೊತ್ತು ಮಾತ್ರ ಕಾಯುತ್ತದೆ. ಟಾರಿ 25ಕ್ಕೆ 62.5 ಮೈಕ್ರೋಸೆಕೆಂಡ್ ಸಿಗುತ್ತದೆ, ಟಾರಿ 6.25 ಮತ್ತು 640 ಕಿಲೋಹರ್ಟ್ಸ್ ಸೆಟ್ಟಿಂಗ್‌ನಲ್ಲಿ ಬರೀ 15.6. ಡಿಸಿ ತಡೆಯುವ ಹೈಪಾಸ್ ಫಿಲ್ಟರ್‌ನ ಕಾರ್ನರ್ 10 ಕಿಲೋಹರ್ಟ್ಸ್ ಇದ್ದರೆ ಒಂದು ಟೈಮ್ ಕಾನ್‌ಸ್ಟೆಂಟೇ 16 ಮೈಕ್ರೋಸೆಕೆಂಡ್, ಸೆಟ್ಲ್ ಆಗಲು ಅದರ ಐದು ಪಟ್ಟು ಬೇಕು. ಹಾಗಾಗಿ ಕಮಾಂಡ್ ನಡೆಯುವಾಗ ಸ್ವಿಚ್ ಹಾಕಿ ಕಾರ್ನರನ್ನು 1 ಮೆಗಾಹರ್ಟ್ಸ್‌ಗೆ ಏರಿಸಿಡಿ, ಟಿ1 ಮುಗಿಯಲು ಕೆಲವು ಮೈಕ್ರೋಸೆಕೆಂಡ್ ಇರುವಾಗ ಬಿಡಿ. ಸ್ವಿಚ್ ಬಿಡುವಾಗ ಚೆಲ್ಲುವ ಚಾರ್ಜ್ ಎರಡೂ ಕಡೆ ಒಂದೇ ಇರುವ ಹಾಗೆ ಡಿಫರೆನ್ಷಿಯಲ್ ಆಗಿ ಲೇಔಟ್ ಮಾಡಿ. ಟ್ಯಾಗ್ ತನ್ನ ಬಿಟ್ ಕಳಿಸಲು ಎಫ್‌ಎಂ0, ಮಿಲ್ಲರ್ ಅನ್ನುವ ಎರಡು ಬಗೆಯ ಕೋಡಿಂಗ್ ಇವೆ. ಎಫ್‌ಎಂ0 ಕೋಡಿಂಗ್‌ನ ಶಕ್ತಿ ಡಿಸಿ ಹತ್ತಿರವೂ ಹರಡಿರುತ್ತದೆ, ಮಿಲ್ಲರ್ 4 ಎಲ್ಲವನ್ನೂ ಸಬ್‌ಕ್ಯಾರಿಯರ್ ಸುತ್ತ ಎತ್ತಿಡುತ್ತದೆ, ಡಿಸಿ ಹತ್ತಿರ ಜಾಸ್ತಿ ಇರುವ ಫ್ಲಿಕರ್ ನಾಯ್ಸ್‌ನಿಂದಲೂ ದೂರ. ವೇಗ ಬೇಕೇಬೇಕು ಅನ್ನದಿದ್ದರೆ ಮಿಲ್ಲರ್ 4 ಬಳಸಿ.

ಡಿಜಿಟಲ್ ಕಡೆಯವರಿಗೆ ಮರೆಯದೆ ಹೇಳಿ: ಟ್ಯಾಗ್‌ನ ಗಡಿಯಾರವನ್ನು ನಂಬುವ ಹಾಗಿಲ್ಲ. ಕೆಲವು ಸೆಟ್ಟಿಂಗ್‌ಗಳಲ್ಲಿ ಸಬ್‌ಕ್ಯಾರಿಯರ್ ಶೇ 22ರಷ್ಟು ಆಚೀಚೆ ಆದರೂ ಸ್ಟ್ಯಾಂಡರ್ಡ್ ಒಪ್ಪುತ್ತದೆ. ಪ್ರಿಆಂಬಲ್‌ನಲ್ಲೇ (ಉತ್ತರದ ಶುರುವಿಗೆ ಬರುವ ಗೊತ್ತಿರುವ ಬಿಟ್‌ಗಳು) ಫ್ರೀಕ್ವೆನ್ಸಿ ಅಳೆದು, ಮುಂದೆ ಬಿಟ್ ಬಿಟ್‌ಗೂ ಹಿಂಬಾಲಿಸಬೇಕು.

ಯಾವ ಪ್ರಕ್ರಿಯೆಯಲ್ಲಿ ಮಾಡಿಸಬೇಕು ಅಂತ ಕೇಳುತ್ತಾರೆ. 28 ನ್ಯಾನೋಮೀಟರ್ ಬೇಡ. ದೊಡ್ಡ ವೋಲ್ಟೇಜ್ ತಡೆಯುವ 180 ಅಥವಾ 130 ನ್ಯಾನೋಮೀಟರ್ ಇಲ್ಲಿ ಚೆನ್ನ. ಕಾಲೇಜಿನಲ್ಲಿರುವವರಿಗೆ ಈಗ ದಾರಿ ಇದೆ: ಬೆಂಗಳೂರಿನ ಸಿಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ಕಾಲೇಜುಗಳಿಗೂ ಸ್ಟಾರ್ಟಪ್‌ಗಳಿಗೂ ಇಡಿಎ ಟೂಲ್ (ಚಿಪ್ ಡಿಸೈನ್ ಸಾಫ್ಟ್‌ವೇರ್) ಕೊಡುತ್ತದೆ, ಮೊಹಾಲಿಯ ಎಸ್‌ಸಿಎಲ್ ಚಿಪ್ ಕಾರ್ಖಾನೆಯಲ್ಲಿ 180 ನ್ಯಾನೋಮೀಟರ್ ಇದೆ. ಮನೆಯಲ್ಲಿ ಕೂತು ಕಲಿಯುವವರಿಗೆ ಜರ್ಮನಿಯ ಐಎಚ್‌ಪಿ ತನ್ನ 130 ನ್ಯಾನೋಮೀಟರ್ ಸಿಲಿಕಾನ್-ಜರ್ಮೇನಿಯಂ ಪಿಡಿಕೆಯನ್ನು (ಆ ಪ್ರಕ್ರಿಯೆಗೆ ಡಿಸೈನ್ ಮಾಡಲು ಬೇಕಾದ ಮಾಡೆಲ್ ಮತ್ತು ನಿಯಮಗಳ ಕಟ್ಟು) ಓಪನ್ ಸೋರ್ಸ್ ಮಾಡಿದೆ. ಪ್ಯಾಸಿವ್ ಮಿಕ್ಸರ್ ಮತ್ತು ಕ್ಯಾನ್ಸಲರ್ ಎರಡನ್ನೇ ಅದರಲ್ಲಿ ಬರೆದು ಸಿಮ್ಯುಲೇಟ್ ಮಾಡಿದರೂ ಬಹಳ ಕಲಿಯುತ್ತೀರಿ. ನಾಯ್ಸ್ ಸಿಮ್ಯುಲೇಷನ್ ಓಡಿಸುವಾಗ ಇನ್‌ಪುಟ್‌ಗೆ ಸೋರಿಕೆಯ ದೊಡ್ಡ ಟೋನ್ ಹಾಕಿಯೇ ಓಡಿಸಿ. ಅದಿಲ್ಲದೆ ಬಂದ ನಂಬರ್‌ಗೆ ಅರ್ಥವಿಲ್ಲ.

ಸಿಲಿಕಾನ್ ಬಂದ ಮೇಲೆ

ಬೆಂಚ್ ಮೇಲೆ ಆಂಟೆನಾ ಬದಲು 50 ಓಮ್ ಲೋಡ್ ಹಾಕಿ ಅಳೆದು ಖುಷಿಪಡಬೇಡಿ. ಆ ಲೋಡ್ ಏನನ್ನೂ ವಾಪಸ್ ಕಳಿಸಲ್ಲ. ಬದಲಿಗೆ ಅಟೆನ್ಯುಯೇಟರ್‌ನ ತುದಿಯನ್ನು ಶಾರ್ಟ್ ಮಾಡಿ ಹಾಕಿ. 6 ಡಿಬಿಯದು ಹಾಕಿದರೆ 12 ಡಿಬಿ ರಿಟರ್ನ್ ಲಾಸ್‌ನ ಕೆಟ್ಟ ಆಂಟೆನಾ, 10 ಡಿಬಿಯದು ಹಾಕಿದರೆ 20ರ ಒಳ್ಳೆಯ ಆಂಟೆನಾ. ಅಟೆನ್ಯುಯೇಟರ್ 2 ವ್ಯಾಟ್ ತಡೆಯುವುದು ಇರಲಿ, ಚಿಕ್ಕದು ಬಿಸಿಯಾಗಿ ಅದರ ಡಿಬಿಯೇ ಬದಲಾಗುತ್ತದೆ. ಅದಕ್ಕೂ ರೀಡರ್‌ಗೂ ನಡುವೆ ಉದ್ದ ಬದಲಿಸಬಹುದಾದ ಲೈನ್ ಸ್ಟ್ರೆಚರ್ ಇಡಿ. 1 ಸೆಂಟಿಮೀಟರ್ ಎಳೆದರೆ ವಾಪಸ್ ಬರುವ ಅಲೆ ಸುಮಾರು 21 ಡಿಗ್ರಿ ತಿರುಗುತ್ತದೆ. 17 ಸೆಂಟಿಮೀಟರ್‌ಗೆ ಒಂದು ಸುತ್ತು. ಒಂದೊಂದು ಸೆಂಟಿಮೀಟರ್‌ಗೂ ನಿಲ್ಲಿಸಿ ಸೆನ್ಸಿಟಿವಿಟಿ ಬರೆದುಕೊಳ್ಳಿ, ಜೊತೆಗೆ ಕ್ಯಾನ್ಸಲರ್ ಕೋಡನ್ನೂ ಬರೆದುಕೊಳ್ಳಿ. ಆ 17 ಬಿಂದುಗಳನ್ನು ಗ್ರಾಫ್‌ನಲ್ಲಿ ಹಾಕಿದಾಗ ಕೋಡ್‌ಗಳು ವೃತ್ತವಾಗಿ ಕೂತರೆ ಕ್ಯಾನ್ಸಲರ್ ಸರಿಯಿದೆ. ಎಲ್ಲೋ ಒಂದು ಕಡೆ ವೃತ್ತ ಚಪ್ಪಟೆಯಾಗಿದ್ದರೆ ಅಲ್ಲಿ ಕೋಡ್ ಮಿತಿ ಮುಟ್ಟಿದೆ ಅಂತ ಅರ್ಥ, ಸೆನ್ಸಿಟಿವಿಟಿಯೂ ಅಲ್ಲೇ ಕುಸಿದಿರುತ್ತದೆ. ಆಮೇಲೆ ಶಾರ್ಟ್ ಕಳಚಿ, ಆ ಅಟೆನ್ಯುಯೇಟರ್ ಜಾಗಕ್ಕೆ 6 ಮೀಟರ್ ಕೇಬಲ್ ಮತ್ತು ನಿಜವಾದ ಆಂಟೆನಾ ಹಾಕಿ, ಅದರ ಮುಂದೆ ಒಂದು ದೊಡ್ಡ ತಗಡಿನ ಹಾಳೆ ಹಿಡಿದು ನಿಧಾನವಾಗಿ ಹಿಂದೆ ಮುಂದೆ ನಡೆಯಿರಿ. ಲಾರಿ ಬಂದು ನಿಂತಾಗ ಏನಾಗುತ್ತದೆ ಅನ್ನುವುದು ಲ್ಯಾಬ್‌ನಲ್ಲೇ ಗೊತ್ತಾಗುತ್ತದೆ.